ಮಾತು ಬಂದವರ ಮೌನ

ಹೊರಗೆ ಹಿಮ ಸುರಿಯುತ್ತಿದೆ. ಬಾಗಿಲು ತೆರೆದೇ ಇರುವ ಕೊಟ್ಟಿಗೆಯ ಕಲ್ಲುಹಾಸಿನ ಮೇಲೆ, ಕೊಚ್ಚೆಯ ನಡುವೆ, ಅಂಗಿ ಕಳಚಿದ ತರುಣ ಪಶುವೈದ್ಯನೊಬ್ಬ ಬೋರಲು ಮಲಗಿದ್ದಾನೆ. ಅವನ ತೋಳು ಭುಜದವರೆಗೂ ಹಸುವಿನ ಒಡಲಲ್ಲಿದೆ. ಕರುವಿನ ತಲೆ ಹಿಂದಕ್ಕೆ ತಿರುಗಿ ಸಿಕ್ಕಿಕೊಂಡಿದೆ. ಹಸು ತಿಣುಕಿದಾಗಲೆಲ್ಲ ಅವನ ತೋಳು ಮರಗಟ್ಟುತ್ತದೆ. ಪಕ್ಕದಲ್ಲಿ ನಿಂತ ರೈತನ ಬಂಧುವೊಬ್ಬ, ತಾನು ಬಲ್ಲ ಬೇರೊಬ್ಬ ವೈದ್ಯನ ಕೈಚಳಕವನ್ನು ಬಗೆಬಗೆಯಾಗಿ ವರ್ಣಿಸುತ್ತಿದ್ದಾನೆ. ಕೊನೆಗೂ ಕರು ಜೀವಸಹಿತ ಹೊರಬರುತ್ತದೆ. ತಾಯಿ ಅದನ್ನು ನೆಕ್ಕತೊಡಗುತ್ತದೆ. ಕುಡಿಯಲು ಏನಾದರೂ ಕೊಡೋಣವೇ ಎಂದು ರೈತ ಕೇಳಿದಾಗ ದಣಿದ ವೈದ್ಯ ಕೃತಜ್ಞತೆಯಿಂದ ತಲೆಯಾಡಿಸುತ್ತಾನೆ. ಪಾಪ, ರೈತ ಕೇಳಿದ್ದು ಹಸುವಿನ ವಿಷಯ!

ಇಂಗ್ಲೆಂಡಿನ ಜೇಮ್ಸ್ ಹೆರಿಯಟ್ ಬರೆದ ಮೊದಲ ಪುಸ್ತಕ ತೆರೆದುಕೊಳ್ಳುವುದು ಈ ದೃಶ್ಯದಿಂದ. 1970ರಲ್ಲಿ ಹೊರಬಂದ ಆ ಪುಸ್ತಕದ ಹೆಸರು ‘ಇಫ್ ಓನ್ಲಿ ದೇ ಕುಡ್ ಟಾಕ್’, ಎಂದರೆ ‘ಅವಕ್ಕೆ ಮಾತು ಬರುವಂತಿದ್ದರೆ!’ ರೋಗಿಗೆ ಬಾಯಿಲ್ಲದಿರುವುದೇ ಪಶುವೈದ್ಯನ ಮೊದಲನೆಯ ಕಷ್ಟ. ಎಲ್ಲಿ ನೋವು, ಎಂದಿನಿಂದ ನೋವು, ಏನು ತಿಂದದ್ದು, ಎಲ್ಲಿ ಬಿದ್ದದ್ದು, ಇವೆಲ್ಲವನ್ನೂ ಕಣ್ಣಿನಿಂದಲೂ ಬೆರಳುಗಳಿಂದಲೂ ಓದಬೇಕು. ಆ ಹೆಸರಿನಲ್ಲಿರುವ ಉದ್ಗಾರ ಪ್ರಾಣಿಗಳನ್ನು ಕುರಿತದ್ದೆಂಬುದರಲ್ಲಿ ಸಂಶಯವಿಲ್ಲ. ಆದರೆ ಆ ಪುಸ್ತಕದ ಹಿಂದಿದ್ದ ನಿಜವಾದ ಮನುಷ್ಯರ ಬಾಳನ್ನು ತಿಳಿದವರಿಗೆ ಅದೇ ಮಾತು ಇನ್ನೊಂದು ಅರ್ಥವನ್ನೂ ಕೊಡುತ್ತದೆ.

ಹೆರಿಯಟ್ ಎಂಬುದು ಕಾವ್ಯನಾಮ. ಲೇಖಕರ ನಿಜವಾದ ಹೆಸರು ಜೇಮ್ಸ್ ಆಲ್ಫ್ರೆಡ್ ವೈಟ್, ಹತ್ತಿರದವರಿಗೆಲ್ಲ ಆಲ್ಫ್. ಅಂದಿನ ವೃತ್ತಿನಿಯಮದಂತೆ ವೈದ್ಯನು ಸ್ವಂತ ಹೆಸರಿನಲ್ಲಿ ಇಂಥ ಪುಸ್ತಕ ಬರೆದರೆ ಜಾಹೀರಾತು ಮಾಡಿಕೊಂಡಂತೆ ಆಗುತ್ತಿದ್ದಿತು. ಆದ್ದರಿಂದ ದೂರದರ್ಶನದಲ್ಲಿ ನೋಡಿದ ಫುಟ್‌ಬಾಲ್ ಪಂದ್ಯದ ಗೋಲ್‌ಕೀಪರನೊಬ್ಬನ ಹೆಸರನ್ನು ಅವರು ಎರವಲು ಪಡೆದರು. ಆ ಪುಸ್ತಕಗಳ ಆರು ಕೋಟಿಗೂ ಮಿಕ್ಕಿ ಪ್ರತಿಗಳು ಜಗತ್ತಿನಾದ್ಯಂತ ಮಾರಾಟವಾಗಿವೆ. 1978ರಲ್ಲಿ ಬಿ.ಬಿ.ಸಿ. ಅವನ್ನು ಧಾರಾವಾಹಿಯಾಗಿ ತೋರಿಸಿತು. 2020ರಲ್ಲಿ ಮತ್ತೊಂದು ಹೊಸ ಧಾರಾವಾಹಿ ಆರಂಭವಾಯಿತು. ಕಥೆಯ ಊರು ಡ್ಯಾರೊಬಿ. ನಿಜವಾದ ಊರು ಯಾರ್ಕ್‌ಷೈರಿನ ಥರ್ಸ್ಕ್. ಅಲ್ಲಿನ ಕರ್ಕ್‌ಗೇಟ್ ಬೀದಿಯ 23ನೆಯ ನಂಬರಿನ ಮನೆಯೇ ಆ ಚಿಕಿತ್ಸಾಲಯ. ಕಥೆಯ ಮುಂಗೋಪಿ ಯಜಮಾನ ಸೀಗ್‌ಫ್ರೀಡ್ ಫಾರ್ನನ್ನನಿಗೆ ಮೂಲ ಡೊನಾಲ್ಡ್ ಸಿಂಕ್ಲೇರ್; ತುಂಟ ತಮ್ಮ ಟ್ರಿಸ್ಟನ್ನನಿಗೆ ಮೂಲ ಬ್ರಯನ್ ಸಿಂಕ್ಲೇರ್.

ಕೊಟ್ಟಿಗೆಯ ದೃಶ್ಯದಲ್ಲಿ ಕಾಣುವ ವೈದ್ಯ ಒಬ್ಬನೇ, ಕಾಣದವರು ಹಲವರು. ಅಪರಾತ್ರಿಯಲ್ಲಿ ಗಂಟೆ ಬಾರಿಸಿದ ಟೆಲಿಫೋನನ್ನು ಎತ್ತಿಕೊಂಡವರು ಯಾರೋ. ಉಪಕರಣಗಳನ್ನು ಕುದಿಸಿ ಚೀಲದಲ್ಲಿಟ್ಟವರು ಇನ್ನು ಯಾರೋ. ಅದೇ ಹೊತ್ತಿಗೆ ಬೇರೊಂದು ಹಳ್ಳಿಯಿಂದ ಕರೆ ಬಂದರೆ ಹೋಗಬೇಕಾದ ಜೊತೆಗಾರ ಮತ್ತೊಬ್ಬ. ಬೆಳಗ್ಗೆ ಲೆಕ್ಕ ಬರೆದು, ಬಾರದ ಹಣಕ್ಕೆ ಪತ್ರ ಕಳುಹಿಸುವವರು ಮಗದೊಬ್ಬರು. ಇಷ್ಟು ಮಂದಿಯ ಮನಸ್ಸು ಒಂದಾಗಿ ನಡೆದರೆ ಆ ಮನೆಯಿಂದ ಹೊರಡುವ ವೈದ್ಯನ ತೋಳಿಗೆ ಬಲ ಬರುತ್ತದೆ. ಅವರ ನಡುವೆ ಒಡಕು ಮೂಡಿದರೆ ಅದನ್ನು ಮೊದಲು ಅನುಭವಿಸುವುದು, ದೂರು ಹೇಳಲಾರದ ಹಸು. ಹಾಗಾದರೆ ಇಂಥ ಬಳಗವನ್ನು ಕಟ್ಟುವುದು ಹೇಗೆ? ಮುನ್ನಡೆಸುವವರು ಎಂಥವರಾಗಿರಬೇಕು? ಥರ್ಸ್ಕಿನ ಮನೆ ಇದಕ್ಕೆ ಒಳ್ಳೆಯ ಪಾಠವನ್ನೂ ಹೇಳುತ್ತದೆ, ಕಹಿ ಪಾಠವನ್ನೂ ಹೇಳುತ್ತದೆ.

ಆಲ್ಫ್ ವೈಟ್ ಹುಟ್ಟಿದ್ದು 1916ರಲ್ಲಿ, ಸಂಡರ್ಲೆಂಡಿನಲ್ಲಿ. ಬೆಳೆದದ್ದು ಗ್ಲಾಸ್ಗೋ ನಗರದಲ್ಲಿ. 1939ರಲ್ಲಿ ಅಲ್ಲಿನ ಪಶುವೈದ್ಯ ಕಾಲೇಜಿನಿಂದ ಪದವಿ ಪಡೆದರು. ಅದು ವೃತ್ತಿಗೆ ಒದಗಿದ ದುಷ್ಕಾಲ. ಟ್ರ್ಯಾಕ್ಟರು ಬಂದು ಕುದುರೆಯನ್ನು ಹೊಲದಿಂದ ಓಡಿಸುತ್ತಿದ್ದಿತು. ಕುದುರೆಯನ್ನೇ ನಂಬಿ ಬದುಕಿದ್ದ ವೈದ್ಯರಿಗೆ ಕೆಲಸವಿಲ್ಲದಂತಾಗಿದ್ದಿತು. ಊಟ ವಸತಿ ಕೊಟ್ಟರೆ ಸಾಕು, ಸಂಬಳವಿಲ್ಲದೆಯೇ ದುಡಿಯುತ್ತೇವೆಂದು ತರುಣ ಪದವೀಧರರು ಮುಂದೆ ಬರುತ್ತಿದ್ದ ಕಾಲವೆಂದು ಹೆರಿಯಟ್ ಅದನ್ನು ಚಿತ್ರಿಸಿದ್ದಾರೆ. ಹೀಗಿರಲು 1940ರ ಜುಲೈ ತಿಂಗಳಲ್ಲಿ, ಇಪ್ಪತ್ತಮೂರರ ಪ್ರಾಯದ ವೈಟ್ ಥರ್ಸ್ಕಿಗೆ ಬಂದರು.

ಡೊನಾಲ್ಡ್ ಸಿಂಕ್ಲೇರರಿಗಾದರೂ ಆಗ ಮೂವತ್ತು ತುಂಬಿರಲಿಲ್ಲ. ಯುದ್ಧದ ದಿನಗಳು, ಅವರು ವಾಯುಪಡೆಗೆ ಹೆಸರು ಕೊಟ್ಟು ಹೊರಡಲು ಸಿದ್ಧರಾಗಿದ್ದರು. ಹೊಸಬನಿಗೆ ಅವರು ಒಪ್ಪಿಸಿದ್ದು ಇಡೀ ಚಿಕಿತ್ಸಾಲಯವನ್ನು! ತಾವು ಇಲ್ಲದಿರುವಷ್ಟು ಕಾಲ ಅದನ್ನು ನೋಡಿಕೊಳ್ಳಬೇಕು. ಅದಕ್ಕೆ ಪ್ರತಿಯಾಗಿ ಬರುವ ಆದಾಯವೆಲ್ಲ ನೋಡಿಕೊಳ್ಳುವವನಿಗೇ ಸೇರಬೇಕು. ಇದು ಕರಾರು. ಊರು ಹೊಸದು, ರೈತರ ಆಡುಮಾತು ಹೊಸದು, ಕೈಗಳಲ್ಲಿ ಇನ್ನೂ ಕಾಲೇಜಿನ ಪುಸ್ತಕದ ವಾಸನೆ. ಆದರೂ ಆ ನಂಬಿಕೆ ಹುಸಿಯಾಗಲಿಲ್ಲ. ನಾಲ್ಕು ತಿಂಗಳಲ್ಲಿ ವಾಯುಪಡೆಯಿಂದ ಬಿಡುಗಡೆ ಹೊಂದಿ ಮರಳಿದ ಸಿಂಕ್ಲೇರರು ವೈಟರನ್ನು ಅಲ್ಲಿಯೇ ನಿಲ್ಲುವಂತೆ ಕೇಳಿಕೊಂಡರು; ಸಂಬಳದ ಪಾಲುದಾರಿಕೆಯನ್ನು ಕೊಡುವೆನೆಂದರು.

ಬಳಗ ಕಟ್ಟುವವರು ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಹೊಣೆಯನ್ನು ಮಾತ್ರ ಕೊಟ್ಟು ಅದರ ಫಲವನ್ನು ತಮ್ಮಲ್ಲೇ ಉಳಿಸಿಕೊಳ್ಳುವ ಯಜಮಾನರು ಲೋಕದಲ್ಲಿ ಹೇರಳ. ‘ಚಿಕಿತ್ಸಾಲಯ ನಿನ್ನದೇ ಎಂದು ತಿಳಿದುಕೊಂಡು ಕೆಲಸ ಮಾಡಪ್ಪ’ ಎನ್ನುವರು. ತಿಂಗಳ ಕೊನೆಗೆ ಅದು ಯಾರದೆಂಬುದು ತಿಳಿಯುತ್ತದೆ. ಸಿಂಕ್ಲೇರರು ಕೀಲಿಕೈಯೊಡನೆ ಹಣದ ಪೆಟ್ಟಿಗೆಯನ್ನೂ ಕೊಟ್ಟರು. ಹಾಗೆಂದು ಎಲ್ಲವೂ ಬೇಗ ಸರಿಹೋಯಿತೆಂದೇನೂ ಅಲ್ಲ. ವೈಟ್ ಪೂರ್ಣ ಪಾಲುದಾರರಾದದ್ದು 1949ರಲ್ಲಿ. ಅಷ್ಟರಲ್ಲಿ ಅವರಿಗೆ ಮದುವೆಯಾಗಿ, ಅವರೂ ವಾಯುಪಡೆಯಲ್ಲಿ ಒಂದು ವರ್ಷ ಇದ್ದುಬಂದು, ಮಕ್ಕಳ ತಂದೆಯಾಗಿದ್ದರು. ಹೆಂಡತಿ ಮಕ್ಕಳಿರುವ ಮನುಷ್ಯನಿಗೆ ‘ಮುಂದೆ ನೋಡೋಣ’ ಎಂಬ ಮಾತು ಎಷ್ಟು ವರ್ಷ ರುಚಿಸೀತು? ಹಿರಿಯರು ಮಾತು ಕೊಡುವಾಗ ಅದರ ಪಕ್ಕದಲ್ಲಿ ದಿನಾಂಕವನ್ನೂ ಬರೆದಿಟ್ಟರೆ ಎಷ್ಟೋ ಬಳಗಗಳು ಒಡೆಯುವುದು ತಪ್ಪುತ್ತದೆ.

ಇನ್ನು ಆಜ್ಞೆಯ ವಿಷಯ. ಕಥೆಯ ಸೀಗ್‌ಫ್ರೀಡ್ ಉದಾರಿ, ಬುದ್ಧಿವಂತ, ಕುದುರೆಗಳ ವಿಷಯದಲ್ಲಿ ಅಸಮಾನ ಪಂಡಿತ. ಆದರೆ ಅವನ ಬಾಯಿಂದ ಬೆಳಗ್ಗೆ ಹೊರಟ ಆಜ್ಞೆ ಸಂಜೆಯವರೆಗೆ ಬಾಳುವುದಿಲ್ಲ. ಒಂದು ದಿನ ಮಿತವ್ಯಯದ ಉಪದೇಶ. ಮರುದಿನ ಅದೇ ಮಿತವ್ಯಯಕ್ಕಾಗಿ ರೈತನ ಎದುರಿಗೇ ಬೈಗುಳ. ತಾನು ನಿನ್ನೆ ಹೇಳಿದ್ದನ್ನು ನೆನಪಿಸಿದರೆ ಅವನಿಗೆ ನಿಜವಾಗಿಯೂ ಆಶ್ಚರ್ಯ! ಓದುವವರಿಗೆ ನಗು ಉಕ್ಕುತ್ತದೆ. ಆದರೆ ಆ ಮನೆಯಲ್ಲಿ ದುಡಿಯುವ ಸಹಾಯಕನ ಜಾಗದಲ್ಲಿ ನಿಂತು ನೋಡಿದರೆ ನಗು ಅರ್ಧಕ್ಕೇ ನಿಲ್ಲುತ್ತದೆ. ಯಾವ ಮಾತನ್ನು ಪಾಲಿಸಿದರೂ ತಪ್ಪಾಗುವ ಕಡೆ, ಮನುಷ್ಯ ಕೆಲಸವನ್ನು ನೋಡುವುದನ್ನು ಬಿಟ್ಟು ಯಜಮಾನನ ಮುಖವನ್ನು ನೋಡತೊಡಗುತ್ತಾನೆ.

ಮಿಸ್ ಹಾರ್ಬಾಟಲ್ ಎಂಬ ಹಿರಿಯ ಮಹಿಳೆಯ ಪ್ರಸಂಗವೂ ಅಂಥದೇ. ಸೀಗ್‌ಫ್ರೀಡನಿಗೆ ಹಣ ಬಂದರೆ ಅದನ್ನು ಒಲೆಯ ಮೇಲಣ ಗೂಡಿನಲ್ಲಿರುವ ಪಾತ್ರೆಯೊಂದಕ್ಕೆ ತುರುಕುವುದು, ಬೇಕಾದಾಗ ಅದರಿಂದ ಹಿರಿಯುವುದು, ಇಷ್ಟೇ ಲೆಕ್ಕಪತ್ರ. ಈ ಅವ್ಯವಸ್ಥೆಯನ್ನು ಸರಿಪಡಿಸಲೆಂದೇ ಆಕೆಯನ್ನು ನೇಮಿಸುತ್ತಾನೆ. ನೇಮಿಸಿದ ಮೇಲೆ ಆಕೆ ಹಾಕಿದ ಕ್ರಮವನ್ನು ಮೊದಲು ಮುರಿಯುವವನೂ ಅವನೇ. ಇಬ್ಬರಿಗೂ ಕಾಳಗ. ಒಬ್ಬರಿಗೆ ಕೆಲಸ ಒಪ್ಪಿಸಿದ ಮೇಲೆ ಆ ಕೆಲಸದ ಮಟ್ಟಿಗೆ ಯಜಮಾನನೂ ಅವರ ಕಟ್ಟಳೆಗೆ ತಲೆಬಾಗಬೇಕೆಂಬುದು ಗೃಹಿಣಿಯರಿಗೆಲ್ಲ ತಿಳಿದ ಸಂಗತಿ. ಅಡಿಗೆಮನೆಯ ಡಬ್ಬಿಗಳನ್ನು ಬಂದವರೆಲ್ಲ ಸ್ಥಳಾಂತರಿಸಿದರೆ ಅಡಿಗೆ ಆಗುವುದಾದರೂ ಹೇಗೆ? ಇಂದಿನ ಚಿಕಿತ್ಸಾಲಯಗಳಲ್ಲಿ ಪ್ರತಿಯೊಂದು ಪ್ರಾಣಿಗೂ ಒಂದು ಹಾಳೆ, ಕೊಟ್ಟ ಔಷಧಕ್ಕೆ ಪ್ರಮಾಣ, ವೇಳೆ ಮತ್ತು ಸಹಿ, ಪಾಳಿ ಬದಲಾಗುವಾಗ ಬಾಯಿಮಾತಿನ ಜೊತೆಗೆ ಬರಹದ ಒಪ್ಪಿಸುವಿಕೆ ಇರಬೇಕೆಂಬ ನಿಯಮ ಸುಮ್ಮನೆ ಬಂದದ್ದಲ್ಲ. ಬರೆದಿಟ್ಟ ಮಾತು ಸಂಜೆಯ ವೇಳೆಗೆ ಬಣ್ಣ ಬದಲಿಸುವುದಿಲ್ಲ.

ಆದರೆ ಮುಂಗೋಪದ ಯಜಮಾನನ ಕೆಳಗೆ ಬಳಗ ಉಳಿದದ್ದಾದರೂ ಹೇಗೆ? ಮೊದಲನೆಯದು, ಸ್ವಭಾವಕ್ಕೆ ತಕ್ಕ ಕೆಲಸದ ಹಂಚಿಕೆ. ಡೊನಾಲ್ಡರಿಗೆ ಕುದುರೆಗಳ ಮೇಲೆ ಒಲವು, ಆಲ್ಫರಿಗೆ ಹಸುಗಳ ಮೇಲೆ. ಒಬ್ಬರು ಚಂಚಲರಾದರೆ ಇನ್ನೊಬ್ಬರು ನಿಧಾನಿ. ಇಬ್ಬರೂ ಒಂದೇ ಅಚ್ಚಿನವರಾಗಿದ್ದರೆ ಆ ಮನೆ ಒಂದು ವರ್ಷವೂ ನಡೆಯುತ್ತಿರಲಿಲ್ಲವೇನೋ. ಎರಡನೆಯದು, ವಿಚಿತ್ರರನ್ನು ಸೈರಿಸುವ ಗುಣ. ಕಥೆಯಲ್ಲಿ ಕ್ಯಾಲಮ್ ಎಂಬ ತರುಣ ಸಹಾಯಕ ಹೆಗಲ ಮೇಲೆ ಬ್ಯಾಜರ್ ಎಂಬ ಬಿಲವಾಸಿ ಕಾಡುಪ್ರಾಣಿಯನ್ನು ಕೂರಿಸಿಕೊಂಡೇ ಕೆಲಸಕ್ಕೆ ಬಂದಿಳಿಯುತ್ತಾನೆ. ಯಜಮಾನನಿಗೆ ದಿಗಿಲು. ಆದರೂ ಆ ತರುಣ ಕೈಗುಣವುಳ್ಳ ವೈದ್ಯನೆಂಬುದನ್ನು ಕಂಡು ಅವನಿಗೆ ಜಾಗ ಕೊಡುತ್ತಾರೆ. ಎಲ್ಲರೂ ತಮ್ಮಂತೆಯೇ ಇರಬೇಕೆಂದು ಬಯಸುವ ನಾಯಕನಿಗೆ ಕೊನೆಗೆ ದೊರೆಯುವುದು ಕನ್ನಡಿಗಳ ಸಾಲು; ಬಳಗವಂತೂ ದೊರೆಯದು.

ಮೂರನೆಯದು, ಹೆಸರಿಲ್ಲದೆ ದುಡಿದವರು. 1941ರ ನವೆಂಬರ್ 5ರಂದು ಆಲ್ಫ್ ವೈಟ್ ಮತ್ತು ಜೋನ್ ಡ್ಯಾನ್‌ಬರಿಯವರ ಮದುವೆ ಥರ್ಸ್ಕಿನ ಚರ್ಚಿನಲ್ಲಿ ನಡೆಯಿತು. ದಂಪತಿಗಳು ಮಧುಚಂದ್ರಕ್ಕೆಂದು ಕಾರ್ಪರ್ಬಿ ಎಂಬ ಹಳ್ಳಿಗೆ ಹೋದರು. ಅಲ್ಲಿಯೂ ವೈಟ್ ಸುತ್ತಲಿನ ಹಸುಗಳಿಗೆ ಕ್ಷಯರೋಗದ ಪರೀಕ್ಷೆ ನಡೆಸಿದರು! ಕಥೆಯಲ್ಲಿ ಹೊಸ ಮದುಮಗಳೇ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಜೊತೆಯಾಗಿ ಬಂದು ಪರೀಕ್ಷೆಯ ಅಂಕಿಗಳನ್ನು ಬರೆದುಕೊಳ್ಳುತ್ತಾಳೆ. ಓದಲು ಸೊಗಸಾದ ಪ್ರಸಂಗ. ಆದರೆ ಅಂದಿನ ಎಷ್ಟೋ ಚಿಕಿತ್ಸಾಲಯಗಳು ವೈದ್ಯರ ಹೆಂಡಂದಿರ ಸಂಬಳವಿಲ್ಲದ ದುಡಿಮೆಯ ಮೇಲೆ ನಿಂತಿದ್ದವೆಂಬುದನ್ನು ಮರೆಯಬಾರದು. ಟೆಲಿಫೋನು, ಬಾಗಿಲು, ಕುದಿಯುವ ನೀರು, ಊಟದ ಹೊತ್ತಿಗೆ ಬಂದ ಗಾಯಗೊಂಡ ಬೆಕ್ಕು, ಇವೆಲ್ಲವೂ ಆಕೆಯ ಪಾಲಿಗೆ. ಇಂಗ್ಲೆಂಡಿನಲ್ಲಿ ಪ್ರಾಣಿಗಳ ಶುಶ್ರೂಷೆಗೆಂದು ಕ್ರಮಬದ್ಧವಾದ ತರಬೇತಿ ಆರಂಭವಾದದ್ದು 1961ರಲ್ಲಿ. ಅಲ್ಲಿಯವರೆಗೆ ಆ ಕೈಗಳಿಗೆ ಹೆಸರೂ ಇರಲಿಲ್ಲ. ಬಳಗದ ಆರೋಗ್ಯವನ್ನು ಅಳೆಯುವವರು ಮೊದಲು ಯಾರು ಯಾರು ಬಳಗದವರೆಂದು ಎಣಿಸಿಕೊಳ್ಳಬೇಕು. ನೆಲ ತೊಳೆಯುವವರನ್ನೂ ಬಾಗಿಲಲ್ಲಿ ಕುಳಿತು ಅಳುವವರನ್ನು ಸಮಾಧಾನಪಡಿಸುವವರನ್ನೂ ಎಣಿಕೆಯಿಂದ ಬಿಟ್ಟರೆ ಲೆಕ್ಕ ಮೊದಲಿಗೇ ತಪ್ಪುತ್ತದೆ.

ಒಳ್ಳೆಯವರಿಗೂ ಈ ಎಣಿಕೆ ತಪ್ಪುವುದುಂಟು. ವೈಟರ ಮಗ ಜಿಮ್ ತಂದೆಯ ಹಾದಿಯನ್ನೇ ಹಿಡಿದು 1967ರಲ್ಲಿ ಅದೇ ಚಿಕಿತ್ಸಾಲಯವನ್ನು ಸೇರಿದರು. ಮಗಳು ರೋಸಿಗೂ ಪಶುವೈದ್ಯೆಯಾಗುವ ಹಂಬಲವಿದ್ದಿತು. ಆ ಒರಟು ಕೆಲಸ ಹೆಣ್ಣುಮಕ್ಕಳಿಗೆ ತಕ್ಕುದಲ್ಲವೆಂದು ತಂದೆ ಆಕೆಯ ಮನಸ್ಸನ್ನು ತಿರುಗಿಸಿದರು. ಆಕೆ ಮನುಷ್ಯರ ವೈದ್ಯೆಯಾದರು. ಇಂದು ಬ್ರಿಟನ್ನಿನ ಪಶುವೈದ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಹಿಳೆಯರು. ಹಸುವಿನ ಹೆರಿಗೆಯನ್ನೂ ಮಾಡಿಸುತ್ತಾರೆ, ಚಿಕಿತ್ಸಾಲಯಗಳ ಯಜಮಾನಿಕೆಯನ್ನೂ ವಹಿಸುತ್ತಾರೆ. ಪ್ರೀತಿಯಿಂದ ಮುಚ್ಚಿದ ಬಾಗಿಲೂ ಮುಚ್ಚಿದ ಬಾಗಿಲೇ.

ಇವೆಲ್ಲಕ್ಕಿಂತ ಕಠಿನವಾದದ್ದು ತಪ್ಪಿನ ಪ್ರಶ್ನೆ. ಯಾವುದೇ ಊರಿನ, ಯಾವುದೇ ಚಿಕಿತ್ಸಾಲಯವನ್ನು ಊಹಿಸಿಕೊಳ್ಳಿರಿ. ಹೊಸದಾಗಿ ಸೇರಿದ ತರುಣಿಯೊಬ್ಬಳು ನಾಯಿಮರಿಯ ತೂಕವನ್ನು ತಪ್ಪಾಗಿ ಬರೆದುಕೊಂಡು ಔಷಧವನ್ನು ಹೆಚ್ಚಾಗಿ ಕೊಟ್ಟಿದ್ದಾಳೆ. ಹತ್ತು ನಿಮಿಷದ ಮೇಲೆ ಅವಳಿಗೇ ಅದು ತಿಳಿಯುತ್ತದೆ. ಮರಿ ಇನ್ನೂ ಚೆನ್ನಾಗಿಯೇ ಇದೆ. ಈಗ ಅವಳ ಮುಂದೆ ಎರಡು ದಾರಿಗಳು. ಹಿರಿಯ ವೈದ್ಯರ ಬಳಿಗೆ ಓಡಿಹೋಗಿ ಹೇಳಿದರೆ ಮರಿ ಉಳಿಯಬಹುದು. ಹೇಳದಿದ್ದರೆ, ದೈವ ಒಲಿದರೆ, ಯಾರಿಗೂ ಏನೂ ತಿಳಿಯದೆಯೇ ಹೋಗಬಹುದು. ಅವಳು ಯಾವ ದಾರಿ ಹಿಡಿಯುವಳೆಂಬುದು ಆ ಕ್ಷಣದಲ್ಲಿ ತೀರ್ಮಾನವಾಗುವುದಿಲ್ಲ. ಹೋದ ತಿಂಗಳು ಕಾಂಪೌಂಡರನೊಬ್ಬ ತನ್ನ ತಪ್ಪನ್ನು ಒಪ್ಪಿಕೊಂಡಾಗ ಹಿರಿಯರು ಏನೆಂದರು ಎಂಬುದರಲ್ಲಿ ಅದು ಆಗಲೇ ತೀರ್ಮಾನವಾಗಿಬಿಟ್ಟಿರುತ್ತದೆ. ಎಲ್ಲರ ಮುಂದೆ ಅವನ ಮಾನ ಕಳೆದಿದ್ದರೆ ಈಕೆ ಬಾಯಿ ಬಿಡಳು. ಮೊದಲು ಪ್ರಾಣಿಯನ್ನು ನೋಡಿ, ಆಮೇಲೆ ಅದರ ಒಡೆಯರಿಗೆ ನಿಜ ಹೇಳಿ, ಕೊನೆಗೆ ತಪ್ಪು ನುಸುಳಿದ ದಾರಿಯನ್ನು ಎಲ್ಲರೂ ಕೂಡಿ ಹುಡುಕಿದ್ದರೆ ಈಕೆ ಓಡೋಡಿ ಬಂದಾಳು.

ಹಾಗೆಂದು ಎಲ್ಲ ತಪ್ಪಿಗೂ ಕ್ಷಮೆ ಎಂದಲ್ಲ. ಅಲಕ್ಷ್ಯ ಬೇರೆ, ಎಡವಿದ್ದು ಬೇರೆ, ಮುಚ್ಚಿಟ್ಟದ್ದು ಬೇರೆ. ಮೊದಲನೆಯದಕ್ಕೆ ಎಚ್ಚರಿಕೆ ಬೇಕು, ಎರಡನೆಯದಕ್ಕೆ ಕಲಿಕೆ ಬೇಕು. ಸಹಿಸಬಾರದ್ದು ಮೂರನೆಯದನ್ನು ಮಾತ್ರ. ಈ ಭೇದವನ್ನು ಬಳಗಕ್ಕೆ ಕಲಿಸಲು ಹಿರಿಯರಿಗಿರುವ ಸುಲಭ ಉಪಾಯವೆಂದರೆ ವಾರಕ್ಕೊಮ್ಮೆ ಎಲ್ಲರೂ ಕೂಡಿ ಕುಳಿತಾಗ ತಮ್ಮ ತಪ್ಪನ್ನು ತಾವೇ ಮೊದಲು ಹೇಳುವುದು. ಹೆರಿಯಟ್ಟರ ಕಥೆಗಳ ಮೋಹಕತೆಯ ಗುಟ್ಟೂ ಇದೇ: ಅಲ್ಲಿ ನಗೆಗೆ ಗುರಿಯಾಗುವವನು ಬಹುಪಾಲು ಕಥೆ ಹೇಳುವ ವೈದ್ಯನೇ.

ಇಲ್ಲಿಯವರೆಗಿನದು ನಗೆಯ ಮುಖ. ಪುಸ್ತಕಗಳಲ್ಲಿ ಅಷ್ಟಾಗಿ ಕಾಣದ ಇನ್ನೊಂದು ಮುಖವುಂಟು. 1960ರ ಸುಮಾರಿಗೆ, ಎಲ್ಲರನ್ನೂ ನಗಿಸಬಲ್ಲವರಾಗಿದ್ದ ಆಲ್ಫ್ ವೈಟ್ ತೀವ್ರವಾದ ಖಿನ್ನತೆಗೆ ಒಳಗಾದರು. ವಿದ್ಯುತ್ ಚಿಕಿತ್ಸೆಯನ್ನೂ ಪಡೆಯಬೇಕಾಯಿತು. ಈ ಸಂಗತಿಯನ್ನು ಲೋಕಕ್ಕೆ ತಿಳಿಸಿದ್ದು ಅವರ ಮರಣಾನಂತರ ಮಗ ಜಿಮ್ ಬರೆದ ಜೀವನಚರಿತ್ರೆ. ಆ ದಿನಗಳಲ್ಲಿ ಮನಸ್ಸಿನ ಕಾಯಿಲೆಯನ್ನು ಹೊರಗೆ ಹೇಳುವ ವಾಡಿಕೆ ಇರಲಿಲ್ಲ.

ಈ ಕಾಲದಲ್ಲಿ ನೆರವಿಗೆ ಒದಗಿದ ಒಂದು ಕೈಯನ್ನು ನೆನೆಯಬೇಕು. 1950ರ ದಶಕದ ಮೊದಲಲ್ಲಿ ಜಾನ್ ಕ್ರೂಕ್ಸ್ ಎಂಬ ತರುಣರು ಥರ್ಸ್ಕಿನಲ್ಲಿ ಸಹಾಯಕರಾಗಿದ್ದರು. ಆಮೇಲೆ ಬೆವರ್ಲಿ ಎಂಬ ಊರಿಗೆ ಹೋಗಿ ಸ್ವಂತ ವೃತ್ತಿ ಹೂಡಿದರು. ಮುಂದೆ ಬ್ರಿಟಿಷ್ ಪಶುವೈದ್ಯ ಸಂಘದ ಅಧ್ಯಕ್ಷ ಪದವಿಗೂ ಏರಿದರು. ಹೊರದೇಶಗಳಿಗೆ ಪ್ರಾಣಿಗಳನ್ನು ಕಳುಹಿಸುವಾಗ ವೈದ್ಯರೊಬ್ಬರು ಜೊತೆಗೆ ಹೋಗುವ ಏರ್ಪಾಡು ಅವರ ಕೈಯಲ್ಲಿದ್ದಿತು. ಹಳೆಯ ಹಿರಿಯ ಮಿತ್ರರನ್ನು ಅವರು ಕರೆದರು. 1961ರಲ್ಲಿ ವೈಟ್ ಕುರಿಗಳೊಡನೆ ಹಡಗಿನಲ್ಲಿ ಸೋವಿಯತ್ ಒಕ್ಕೂಟದ ಕ್ಲೈಪೆಡಾ ಬಂದರಿಗೆ ಹೋಗಿಬಂದರು. 1963ರಲ್ಲಿ ಹಸುಗಳೊಡನೆ ವಿಮಾನದಲ್ಲಿ ಇಸ್ತಾನ್‌ಬುಲ್ ನಗರಕ್ಕೆ. ಖಿನ್ನತೆಯನ್ನು ಆ ಯಾತ್ರೆಗಳೇ ಗುಣಪಡಿಸಿದವೆಂದು ಹೇಳುವುದು ಸಲ್ಲದು. ಆದರೆ ಹತ್ತು ವರ್ಷಗಳ ಹಿಂದೆ ಒಬ್ಬ ಕಿರಿಯನನ್ನು ಸಮಾನನಂತೆ ಕಂಡು ಕಲಿಸಿದ ಸಲುಗೆ, ಬಿಟ್ಟುಹೋದ ಮೇಲೂ ಬತ್ತಿರಲಿಲ್ಲವೆಂಬುದಂತೂ ದಿಟ. ಬಳಗ ಚೆನ್ನಾಗಿದ್ದಿತೇ ಎಂಬುದನ್ನು ಅದರಲ್ಲಿ ಉಳಿದವರಿಗಿಂತ ಬಿಟ್ಟುಹೋದವರು ಹೆಚ್ಚು ಸರಿಯಾಗಿ ಹೇಳಬಲ್ಲರು.

ಡೊನಾಲ್ಡ್ ಸಿಂಕ್ಲೇರರ ಸ್ನೇಹಕ್ಕೂ ಪರೀಕ್ಷೆ ಬಂದಿತು. 1970ರ ಪುಸ್ತಕದಲ್ಲಿ ತಮ್ಮನ್ನು ಸೀಗ್‌ಫ್ರೀಡನಾಗಿ ಕಂಡು ಅವರಿಗೆ ನೋವಾಯಿತು. ಅದನ್ನು ಅವರು ಬಾಯಿಬಿಟ್ಟು ಹೇಳಿದರು. ವೈಟರೂ ಆ ಮಾತನ್ನು ಮನಸ್ಸಿಗೆ ತೆಗೆದುಕೊಂಡು ಮುಂದಿನ ಪುಸ್ತಕಗಳಲ್ಲಿ ಆ ಪಾತ್ರದ ಮೊನಚನ್ನು ಮೃದುವಾಗಿಸಿದರು. ಸ್ನೇಹ ಉಳಿಯಿತು. ಪುಸ್ತಕಗಳಿಂದ ಅಪಾರ ಹಣ ಬಂದ ಮೇಲೂ ವೈಟ್ ವೃತ್ತಿಯನ್ನು ಬಿಡದೆ ವರ್ಷಾನುಗಟ್ಟಲೆ ಹಸುಗಳ ನಡುವೆಯೇ ಓಡಾಡಿದರು. ನೋವನ್ನು ಹೇಳಿಕೊಂಡವರು ಮತ್ತು ಕೇಳಿಸಿಕೊಂಡವರು ಇಬ್ಬರೂ ಇದ್ದುದರಿಂದ ಐವತ್ತು ವರ್ಷಗಳ ಗೆಳೆತನ ಮುರಿಯಲಿಲ್ಲ.

ಆದರೆ ಹೇಳಿಕೊಳ್ಳದೆ ಉಳಿಯುವ ನೋವೂ ಉಂಟು. 1995ರ ಫೆಬ್ರವರಿ 23ರಂದು ಆಲ್ಫ್ ವೈಟ್ ತೀರಿಕೊಂಡರು. ಅದೇ ವರ್ಷದ ಜೂನ್ ತಿಂಗಳಲ್ಲಿ ಡೊನಾಲ್ಡರ ಪತ್ನಿ ಆಡ್ರಿ ಇಲ್ಲವಾದರು. ಕೆಲವೇ ದಿನಗಳ ಮೇಲೆ, ಜೂನ್ 28ರಂದು, ಎಂಬತ್ತನಾಲ್ಕರ ಹತ್ತಿರದ ಡೊನಾಲ್ಡ್ ಸಿಂಕ್ಲೇರ್ ತಮ್ಮ ಕೈಯಿಂದಲೇ ತಮ್ಮ ಬಾಳನ್ನು ಮುಗಿಸಿಕೊಂಡರು. ಲಕ್ಷಾಂತರ ಮನೆಗಳಲ್ಲಿ ನಗೆಯ ಹೊಳೆ ಹರಿಸಿದ ಸೀಗ್‌ಫ್ರೀಡನ ಮೂಲಪುರುಷನ ಕೊನೆ ಹೀಗಾಯಿತು. ಅದಕ್ಕೆ ಹೊಣೆ ಯಾರೂ ಅಲ್ಲ. ಹೊಣೆಗಾರರನ್ನು ಹುಡುಕುವುದೂ ತಪ್ಪು.

ಆದರೂ ಈ ವೃತ್ತಿಯಲ್ಲಿ ಅದು ಒಂಟಿ ದುಃಖವಲ್ಲವೆಂಬುದನ್ನು ತಿಳಿದಿರಬೇಕು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದವರು 1979ರಿಂದ 2015ರವರೆಗೆ ಸಂಭವಿಸಿದ ಪಶುವೈದ್ಯರ ಸಾವುಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅಲ್ಲಿನ ಸಾಮಾನ್ಯ ಜನರೊಡನೆ ಹೋಲಿಸಿದರೆ ಪುರುಷ ಪಶುವೈದ್ಯರಲ್ಲಿ ಆತ್ಮಹತ್ಯೆಯ ಪ್ರಮಾಣ 2.1 ಪಾಲು, ಮಹಿಳಾ ಪಶುವೈದ್ಯರಲ್ಲಿ 3.5 ಪಾಲು. ರಾತ್ರಿಗಳ ನಿದ್ರೆಗೇಡು, ಓದಿನ ಸಾಲ, ಹಣ ತೆರಲಾರದವರ ಕಣ್ಣೀರು, ಹಣ ತೆತ್ತವರ ಕೋಪ, ಎಲ್ಲವೂ ಸೇರುತ್ತವೆ. ಇದಲ್ಲದೆ ಮನುಷ್ಯರ ವೈದ್ಯರಿಗೆ ಬಹುಮಟ್ಟಿಗೆ ಒದಗದ ಇನ್ನೊಂದು ಭಾರ ಇವರ ಮೇಲಿದೆ. ಗುಣವಾಗದ ಪ್ರಾಣಿಗೆ ದಯಾಮರಣ ನೀಡುವ ಕೈ ಇವರದೇ. ಒಂದು ಕೋಣೆಯಲ್ಲಿ ಮುದಿನಾಯಿಯ ಕೊನೆಯ ಉಸಿರನ್ನು ಕಂಡು, ಅದರ ಒಡೆಯರ ಬೆನ್ನು ತಟ್ಟಿ, ಕೈ ತೊಳೆದುಕೊಂಡು, ಪಕ್ಕದ ಕೋಣೆಯಲ್ಲಿ ಚಿನ್ನಾಟವಾಡುವ ಮರಿಗೆ ಲಸಿಕೆ ಹಾಕಲು ನಗುಮುಖದಿಂದ ಹೋಗಬೇಕು. ನಡುವೆ ಅಳಲು ಐದು ನಿಮಿಷದ ಬಿಡುವಿಲ್ಲ.

ಆ ಐದು ನಿಮಿಷವನ್ನು ಕೊಡಬಲ್ಲ ಬಳಗವೇ ಆರೋಗ್ಯವಂತ ಬಳಗ. ‘ಮುಂದಿನ ಮರಿಯನ್ನು ನಾನು ನೋಡುತ್ತೇನೆ, ನೀವು ಸ್ವಲ್ಪ ಕುಳಿತುಕೊಳ್ಳಿ’ ಎನ್ನುವ ಜೊತೆಗಾರ, ನಿನ್ನೆ ರಾತ್ರಿಯೆಲ್ಲ ಎಚ್ಚರವಿದ್ದವರನ್ನು ಇಂದು ಮನೆಗೆ ಕಳುಹಿಸುವ ಹಿರಿಯ, ಬೈಗುಳಕ್ಕೆ ಇಳಿದ ಗಿರಾಕಿಯ ಮುಂದೆ ತನ್ನ ಸಿಬ್ಬಂದಿಯ ಪಕ್ಕದಲ್ಲಿ ನಿಲ್ಲುವ ಯಜಮಾನ, ಇವರಿದ್ದರೆ ಉಳಿದ ಏರ್ಪಾಡುಗಳೆಲ್ಲ ತಾವಾಗಿಯೇ ಹಿಂದೆ ಬರುತ್ತವೆ. ಇಷ್ಟರಿಂದಲೂ ಇಳಿಯದ ಭಾರವಿದ್ದರೆ ವೈದ್ಯರೂ ವೈದ್ಯರ ಬಳಿಗೆ ಹೋಗಬೇಕು. ಅದರಲ್ಲಿ ನಾಚಿಕೆಯ ಮಾತಿಲ್ಲ. ಭಾರತದಲ್ಲಿ 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಗೆ, 14416 ಎಂಬ ಸಂಖ್ಯೆಗೆ, ಕನ್ನಡದಲ್ಲಿಯೂ ಕರೆ ಮಾಡಿ ಮಾತನಾಡಬಹುದು.

ಓದುಗರ ಪಾಲಿಗೂ ಇದರಲ್ಲಿ ಕೆಲಸವಿದೆ. ಮನೆಯ ನಾಯಿಯನ್ನೋ ಬೆಕ್ಕನ್ನೋ ಎತ್ತಿಕೊಂಡು ಚಿಕಿತ್ಸಾಲಯಕ್ಕೆ ಹೋದಾಗ ಮೇಜಿನ ಆಚೆಗಿರುವವರ ಮುಖವನ್ನೊಮ್ಮೆ ನೋಡಬಹುದು. ತಡವಾದದ್ದಕ್ಕೆ ಗದರುವ ಮೊದಲು, ಒಳಗೆ ಯಾವ ಪ್ರಾಣಿಯ ಕೊನೆಯ ಗಳಿಗೆ ನಡೆದಿದೆಯೋ ಎಂದು ಯೋಚಿಸಬಹುದು. ಪ್ರಾಣಿಯನ್ನು ಹಿಡಿದುಕೊಂಡ ಸಹಾಯಕನಿಗೂ ಒಂದು ನಮಸ್ಕಾರ ಹೇಳಬಹುದು.

ಕರ್ಕ್‌ಗೇಟಿನ ಆ ಮನೆ 1999ರಲ್ಲಿ ವಸ್ತುಸಂಗ್ರಹಾಲಯವಾಯಿತು. ಔಷಧದ ಬಾಟಲಿಗಳು, ಹಳೆಯ ಉಪಕರಣಗಳು, ಅಪರಾತ್ರಿಯಲ್ಲಿ ಮೊಳಗುತ್ತಿದ್ದ ಟೆಲಿಫೋನನ್ನು ನೆನಪಿಗೆ ತರುವ ಕೋಣೆಗಳು. ದೂರದೂರದ ದೇಶಗಳಿಂದ ಬಂದ ಜನ ಇವನ್ನೆಲ್ಲ ನಗುತ್ತ ನೋಡಿ ಹೋಗುತ್ತಾರೆ. ಮೂಕಪ್ರಾಣಿಗಳಿಗೆ ಮಾತು ಬರುವಂತಿದ್ದರೆ ಎಂದು ಹಂಬಲಿಸಿದವರ ಮನೆ ಅದು. ಪ್ರಾಣಿಗಳಿಗೆ ಮಾತು ಬಾರದು. ಅದಕ್ಕೆ ಯಾರೂ ಏನೂ ಮಾಡುವಂತಿಲ್ಲ. ಅವುಗಳನ್ನು ನೋಡಿಕೊಳ್ಳುವವರಿಗೆ ಮಾತು ಬರುತ್ತದೆ. ಅವರು ಬಾಯಿ ತೆರೆಯಲು ಹೆದರದಂತೆ ಮಾಡುವುದು, ತೆರೆದಾಗ ಕಿವಿಗೊಡುವುದು, ಇದಿಷ್ಟು ಮಾತ್ರ ಮನುಷ್ಯರ ಕೈಯಲ್ಲಿದೆ.